ಮೂರನೇ ಕಲ್ಲಿನ ಮುನೇಶ್ವರ

ಹನುಮಕ್ಕನ ಮನೆಯ ದೇವರ ಗೂಡಿನಲ್ಲಿ ಪಟಗಳ ಪಕ್ಕ ಒಂದು ಕಬ್ಬಿಣದ ಬೆಣೆ ಇತ್ತು. ಗೇಣಿಗಿಂತ ಸ್ವಲ್ಪ ಚಿಕ್ಕದು, ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಶುಕ್ರವಾರ ಪಟಗಳಿಗೆ ಕುಂಕುಮ ಇಡುವಾಗ ಅದಕ್ಕೂ ಇಡುತ್ತಿದ್ದಳು. ರೈಲು ಹಳಿ ಅಲುಗದಂತೆ ಅದರ ಕೆಳಗಿನ ಅಡ್ಡ ಸ್ಲೀಪರಿಗೆ ಬಿಗಿದು ಹಿಡಿಯಲು ಹೊಡೆಯುವ ಬೆಣೆ ಅದು. ಹಳಿ ಕೆಲಸದವರು ಅದನ್ನು ಕೀ ಎನ್ನುತ್ತಾರೆ. ಆಕೆಯ ಗಂಡ ತಿಮ್ಮಯ್ಯ ಕೆಂಗೇರಿಯ ಕಲ್ಲು ಲೈನಿನಲ್ಲಿ ಕೀಮನ್ ಆಗಿದ್ದ. ದಿನಾ ಬೆಳಗ್ಗೆ ಸುತ್ತಿಗೆ ಹೊತ್ತು ಹಳಿಯ ಉದ್ದಕ್ಕೂ ನಡೆದು, ಸಡಿಲಾದ ಕೀಗಳನ್ನು ಹೊಡೆದು ಬಿಗಿ ಮಾಡುವುದು ಅವನ ಕೆಲಸ.

ನಾನು ಹೇಳುತ್ತಿರುವುದು ಎಪ್ಪತ್ತಾರನೇ ಇಸವಿಯ ಮಾತು. ಹನುಮಕ್ಕ ಲಗ್ಗೆರೆಯಿಂದ ದಿನ ಬಿಟ್ಟು ದಿನ ರಾಜಾಜಿನಗರಕ್ಕೆ ಸೊಪ್ಪು ತರುತ್ತಿದ್ದಳು. ನಮ್ಮದು ಆಕೆಯ ಸುತ್ತಿನ ಕೊನೆಯ ಮನೆ. ಬುಟ್ಟಿ ಇಳಿಸಿ, ಮೆಟ್ಟಿಲ ಮೇಲೆ ಕೂತು, ಒಂದು ಲೋಟ ಕಾಫಿ ಕುಡಿದೇ ಹೋಗುವುದು. ಆರು ವರ್ಷದ ಕಾಫಿಯಲ್ಲಿ ಕಲ್ಲು ಲೈನಿನ ಕಥೆಯೆಲ್ಲ ತುಂಡು ತುಂಡಾಗಿ ನನಗೆ ಸಿಕ್ಕಿತ್ತು.

ಕೆಂಗೇರಿ ಸ್ಟೇಷನ್ನಿನಿಂದ ಹದ್ದಿನಬಂಡೆ ಎಂಬ ಗುಡ್ಡದವರೆಗೆ ಆರು ಮೈಲಿ ಲೈನು. ಬಂಡೆ ಒಡೆದು ಜಲ್ಲಿ ಮಾಡಿ ಸಾಗಿಸುವುದಕ್ಕೆಂದೇ ಹಾಕಿದ್ದು. ಸಂತೆಯ ದಿನ ಮಾತ್ರ ಹಿಂದೆ ಒಂದು ಹಳೆಯ ಬೋಗಿ ಸೇರಿಸುತ್ತಿದ್ದರಂತೆ. ಕೋಳಿ, ಮೇಕೆ, ತವರಿಗೆ ಹೊರಟ ಬಸುರಿಯರು ಎಲ್ಲರೂ ಅದರಲ್ಲೇ. ಹನುಮಕ್ಕ ಹದಿನಾಲ್ಕಕ್ಕೆ ಮದುವೆಯಾಗಿ ಒಂದನೇ ಮೈಲಿಯಲ್ಲಿ ಹಳಿ ಕೆಲಸದ ತಂಡಕ್ಕೆಂದು ಕಟ್ಟಿದ್ದ ಗ್ಯಾಂಗ್ ಮನೆಗೆ ಬಂದವಳು. ಗಂಡ ಬೆಳಗ್ಗೆ ಹೊರಟರೆ, ಈಕೆ ಮಧ್ಯಾಹ್ನಕ್ಕೆ ಮುದ್ದೆ, ಸಾರು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಮೂರನೇ ಮೈಲಿಕಲ್ಲಿನ ತನಕ ಹೋಗುವುದು. ಅಲ್ಲಿ ಒಂದು ಹುಣಸೆಮರ, ಅದರ ಬುಡದಲ್ಲಿ ಒಂದು ದುಂಡುಕಲ್ಲು. ಅದೇ ಗ್ಯಾಂಗಿನವರ ಮುನೇಶ್ವರ.

ಆಯುಧಪೂಜೆಯ ದಿನ ಗ್ಯಾಂಗಿನ ಹಾರೆ, ಗುದ್ದಲಿ, ಸುತ್ತಿಗೆಗಳನ್ನೆಲ್ಲ ಆ ಕಲ್ಲಿನ ಮುಂದೆ ಜೋಡಿಸುತ್ತಿದ್ದರು. ಪೂಜೆ ಮುಗಿದ ಮೇಲೆ ತಿಮ್ಮಯ್ಯ ಆ ವರ್ಷ ಹಳಿಯಿಂದ ತೆಗೆದ ಸವೆದ ಕೀಗಳಲ್ಲಿ ಒಂದನ್ನು ದೇವರ ಬುಡದಲ್ಲಿ ಹೂಳುತ್ತಿದ್ದ. ಹೂಳುವಾಗ, ‘ಸಡಿಲಾಗಿದ್ದು ನಿನ್ನ ಹತ್ರ ಇರ್ಲಿ, ಬಿಗಿಯಾಗಿರೋದು ನನ್ನ ಹತ್ರ ಇರ್ಲಿ’ ಎನ್ನುತ್ತಿದ್ದ. ಅವನ ಮಂತ್ರ ಅಷ್ಟೇ.

ಆರು ವರ್ಷದ ಮಗಳು ಅಂಜನಮ್ಮ ವಿಷಮಶೀತ ಜ್ವರದಲ್ಲಿ ಇಪ್ಪತ್ತು ದಿನ ಕಣ್ಣು ಬಿಡದೆ ಮಲಗಿದಾಗ ತಿಮ್ಮಯ್ಯ ಆ ಕಲ್ಲಿನ ಮುಂದೆ ಹರಕೆ ಹೊತ್ತ. ಇವಳು ಉಳಿದರೆ, ಮುಂದೆ ಇವಳ ಹೊಟ್ಟೆಯಲ್ಲಿ ಹುಟ್ಟುವ ಮೊದಲ ಮಗುವಿನ ಮುಡಿ ಇಲ್ಲಿಯೇ ಕೊಡುತ್ತೇನೆ ಎಂದು. ಹುಡುಗಿ ಉಳಿದಳು. ಬಂಡೆಯ ಕಲ್ಲು ಮುಗಿದು, ಅರವತ್ತನಾಲ್ಕರಲ್ಲಿ ಲೈನು ನಿಂತಿತು. ಆ ದಿನ ತಿಮ್ಮಯ್ಯ ಒಂದು ಕೀ ಮನೆಗೆ ತಂದು ಹೆಂಡತಿಯ ಕೈಗಿಟ್ಟ. ‘ಅಂಜನಿ ಮಗೀಗೆ ಮುಡಿ ತೆಗ್ಸೋ ದಿನ ಇದನ್ನೂ ಅಲ್ಲಿ ಹೂಳ್ಬೇಕು. ಅಲ್ಲೀಗಂಟ ಜೋಪಾನ’ ಎಂದ. ಸಂಸಾರ ಲಗ್ಗೆರೆಗೆ ಬಂತು. ಎಪ್ಪತ್ತರಲ್ಲಿ ತಿಮ್ಮಯ್ಯ ತೀರಿಕೊಂಡ. ಅಂಜನಮ್ಮನಿಗೆ ಪೀಣ್ಯದ ಒಂದು ಫ್ಯಾಕ್ಟರಿಯ ಫಿಟ್ಟರ್ ಜೊತೆ ಮದುವೆಯಾಗಿ, ಹೆಣ್ಣು ಮಗು ಹುಟ್ಟಿತು. ಹೆಸರು ಕೆಂಪಿ.

ಸಂಕ್ರಾಂತಿ ಕಳೆದ ಒಂದು ದಿನ ಹನುಮಕ್ಕ ಕಾಫಿ ಕುಡಿಯದೆ ಲೋಟ ಕೈಯಲ್ಲೇ ಹಿಡಿದು ಕೂತಿದ್ದಳು.

“ಅಳಿಯಂದ್ರು ಕತ್ತರಿ ತಂದಿಟ್ಕೊಂಡವ್ರೆ ತಾಯಿ” ಎಂದಳು ಕೊನೆಗೆ.

ಮಗುವಿಗೆ ಮೂರನೇ ವರ್ಷ ನಡೆಯುತ್ತಿತ್ತು. ಹುಟ್ಟಿದ ಕೂದಲು, ಕತ್ತರಿ ಕಾಣದ್ದು. ಸಿಕ್ಕುಗಟ್ಟಿ, ಒಳಗೆ ಹೇನಾಗಿ, ನೆತ್ತಿಯೆಲ್ಲ ಹುಣ್ಣು. ಇದರ ಮೇಲೆ ಅಂಜನಮ್ಮ ಮತ್ತೆ ಬಸುರಿ, ನಾಲ್ಕು ತುಂಬುತ್ತಿತ್ತು. ಐದು ತುಂಬಿದರೆ ಮೊದಲ ಮಗುವಿನ ಮುಡಿ ತೆಗೆಸುವಂತಿಲ್ಲ. ಹೆರಿಗೆಯಾಗುವಷ್ಟರಲ್ಲಿ ಕೆಂಪಿಗೆ ನಾಲ್ಕನೇ ವರ್ಷ, ಸರಿಸಂಖ್ಯೆಯ ವರ್ಷ, ಆಗಲೂ ಕೂಡದು. ಐದನೇ ವರ್ಷದವರೆಗೆ ಆ ಹುಣ್ಣಿನ ತಲೆ ಹಾಗೇ ಇರಬೇಕು.

“ಹಾಗಾದರೆ ಈಗಲೇ ಕೆಂಗೇರಿಗೆ ಹೋಗಿ ತೆಗೆಸಿಬಿಡಿ” ಎಂದೆ.

“ಎಲ್ಲೀಗೆ ಅಂತ ಹೋಗ್ಲಿ? ಕಾರ್ತೀಕದಲ್ಲಿ ಒಬ್ಳೇ ಹೋಗಿ ನೋಡ್ಕೊಂಡ್ ಬಂದೆ. ಹಳಿ ಇಲ್ಲ. ಹಳಿ ಹಾಕಿದ್ದ ಏರಿ ಮಣ್ಣೆಲ್ಲ ಲಾರೀಲಿ ಹೊತ್ಕೊಂಡೋಗವ್ರೆ. ಮರ ಇಲ್ಲ. ಯಾವ್ದು ದಾರಿ, ಯಾವ್ದು ಹೊಲ ಗೊತ್ತಾಗಾಕಿಲ್ಲ.”

ದಿನಾ ನಡೆದ ದಾರಿ ಹೇಗೆ ಮರೆಯಿತು ಎಂದು ನನಗೆ ಅನ್ನಿಸಿದ್ದು ಮುಖದಲ್ಲಿ ಕಂಡಿರಬೇಕು.

“ಹಳಿ ಇದ್ದಾಗ ನಾನು ದಾರಿ ನೋಡ್ಲೇ ಇಲ್ಲ ತಾಯಿ. ಕಾಲ ಕೆಳಗೆ ಸ್ಲೀಪರ್ ನೋಡ್ಕಂಡು ಓಯ್ತಿದ್ದೆ. ಹಳೀನೇ ಕರ್ಕಂಡೋಗೋದು” ಎಂದಳು.

ಮಾರನೆಯ ದಿನ ಮಗುವಿನ ತಲೆಗೆ ಬೇವಿನೆಣ್ಣೆ ಕೊಡಲು ನಾನೇ ಲಗ್ಗೆರೆಗೆ ಹೋದೆ. ಕೆಂಪಿ ಕೆರೆದು ಕೆರೆದು ರಕ್ತ ಬರಿಸಿಕೊಂಡಿದ್ದಳು. ಅಳಿಯ ಪಾಳಿ ಮುಗಿಸಿ ಬಂದವನು ನನ್ನನ್ನು ನೋಡಿ, “ನೀವಾದ್ರೂ ಹೇಳಿ ಅಮ್ಮಾ, ಓದಿದೋರು. ನಮ್ಮೂರ ಮುನೇಶ್ವರನೂ ಮುನೇಶ್ವರನೇ ಅಲ್ವಾ? ಆಯಪ್ಪಂಗೆ ಬ್ರಾಂಚ್ ಆಫೀಸ್ ಬೇರೆ ಬೇರೆ ಇರುತ್ತಾ?” ಎಂದ.

“ರೀ, ಬಾಯಿಗೆ ಬಂದಂಗೆ ಆಡ್ಬೇಡಿ” ಎಂದಳು ಅಂಜನಮ್ಮ ಒಳಗಿನಿಂದ.

“ನಾನೇನ್ ತಪ್ಪು ಅಂದೆ? ಅತ್ತೇ, ಶಿವರಾತ್ರಿ ತನಕ ನೋಡ್ತೀನಿ. ಆಮೇಲೆ ನಾನೇ ಬೋಳಿಸ್ಬಿಡ್ತೀನಿ. ಪಾಪ ಬಂದ್ರೆ ನನಗೇ ಬರ್ಲಿ.”

ಹನುಮಕ್ಕ ನನ್ನನ್ನು ಬಸ್ಸಿನವರೆಗೆ ಕಳಿಸಲು ಬಂದಾಗ ಹೇಳಿದಳು: “ಅವ್ರು ಅಂದಿದ್ರಲ್ಲಿ ತಪ್ಪಿಲ್ಲ. ದೇವ್ರು ಎಲ್ಲಾ ಕಡೀಕೂ ಅವ್ನೆ. ಮಾತು ಕೊಟ್ಟ ಜಾಗ ಒಂದೇ.”

ನನಗೂ ಅಳಿಯ ಹೇಳಿದ್ದೇ ಸರಿ ಎನ್ನಿಸಿತ್ತು. ಈ ಮಾತು ಕೇಳಿದ ಮೇಲೆ, ಆ ಜಾಗ ಬಲ್ಲವರು ಇನ್ನು ಯಾರಿದ್ದಾರೆ ಎಂದು ಕೇಳಿದೆ.

ಹಳೆಯ ಗ್ಯಾಂಗಿನಲ್ಲಿ ಉಳಿದಿದ್ದವನು ಕರಿಬಸಪ್ಪ ಒಬ್ಬನೇ. ಕೆಂಗೇರಿ ಸ್ಟೇಷನ್ನಿನ ಹಿಂದೆ ಮನೆ. ಅವನಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ, ಕಲ್ಲಿನ ಮೇಲಿನ ಅಂಕಿ ಓದಲು ಯಾರಾದರೂ ಬೇಕು, ನೀವು ಬನ್ನಿ ಎಂದು ಹನುಮಕ್ಕ ಕೇಳಿದಳು. ಒಂದು ಸೋಮವಾರ ಮೊದಲ ಬಸ್ಸಿಗೆ ಹೊರಟೆವು. ಹನುಮಕ್ಕನ ಬುಟ್ಟಿಯಲ್ಲಿ ಹಣ್ಣು, ಕಾಯಿ, ಮೂವರಿಗೆ ಊಟ, ನೀರಿನ ತಂಬಿಗೆ.

ಕರಿಬಸಪ್ಪ ಹಾರೆ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದ.

“ಮೂರನೇ ಕಲ್ಲು ತಾನೆ ಅತ್ತಿಗೆ? ಕಣ್ಮುಚ್ಕಂಡು ಕರ್ಕಂಡೋಯ್ತೀನಿ ನಡೀರಿ.”

“ನೀನು ಕಣ್ ಬಿಟ್ರೂ ಅಷ್ಟೇ ಕಾಣಾದು. ಮುಚ್ಕಂಡೇ ನಡಿ” ಎಂದಳು ಹನುಮಕ್ಕ.

ಗೂಡ್ಸ್ ಶೆಡ್ಡಿನ ಹಿಂದೆ ಮೈಸೂರು ಹಳಿಯಿಂದ ಕಲ್ಲು ಲೈನು ಕವಲೊಡೆದ ಜಾಗದಲ್ಲಿ ಈಗ ಕತ್ತಾಳೆ ಬೆಳೆದಿತ್ತು. ಅದನ್ನು ದಾಟಿದರೆ ನೆಲದಲ್ಲಿ ಅಲ್ಲಲ್ಲಿ ಜಲ್ಲಿ ಸಿಗುತ್ತಿತ್ತು. ಕರಿಬಸಪ್ಪ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದ. ಅಂಗಾಲಿಗೆ ಜಲ್ಲಿ ಚುಚ್ಚಿದರೆ ಲೈನಿನ ಮೇಲಿದ್ದೇವೆ, ಮೆತ್ತಗಾದರೆ ತಪ್ಪಿದ್ದೇವೆ ಎಂದು ಅವನ ಲೆಕ್ಕ. ಹಾಗೆಯೇ ನಡೆದೆವು. ಒಂದು ಕಡೆ ಸಿಗ್ನಲ್ ಕಂಬದ ಮೋಟಿಗೆ ಯಾರೋ ಎಮ್ಮೆ ಕಟ್ಟಿದ್ದರು. ಏರಿ ಇದ್ದ ಕಡೆ ಮಣ್ಣು ತೆಗೆದ ಹೊಂಡಗಳು. ವಿಜಯನಗರದ ಕಡೆ ಹೊಸ ಮನೆಗಳ ಪಾಯ ತುಂಬುವುದಕ್ಕೆ ಹೋದ ಮಣ್ಣಂತೆ ಅದು.

ಒಂದನೇ ಮೈಲಿಯಲ್ಲಿ ಗ್ಯಾಂಗ್ ಮನೆಯ ಗೋಡೆಗಳು ಮಾತ್ರ ನಿಂತಿದ್ದವು. ಹೆಂಚಿಲ್ಲ, ಬಾಗಿಲಿಲ್ಲ. ಮೂರನೆಯ ಕೋಣೆಯ ಮೂಲೆಯಲ್ಲಿ ಒಲೆಯ ಮಸಿ ಇನ್ನೂ ಗೋಡೆಗೆ ಅಂಟಿಕೊಂಡಿತ್ತು. ಹನುಮಕ್ಕ ಬೆರಳಿನಿಂದ ಮಸಿ ಮುಟ್ಟಿ ನೋಡಿ, ಸೆರಗಿಗೆ ಒರೆಸಿಕೊಂಡು, “ಇಲ್ಲಿಂದಲೇ ಬುಟ್ಟಿ ಹೊರ್ತಿದ್ದೆ” ಎಂದಳು. ಅಲ್ಲಿಯವರೆಗೆ ಕಂಕುಳಲ್ಲಿದ್ದ ಬುಟ್ಟಿಯನ್ನು ಸಿಂಬಿ ಇಟ್ಟು ತಲೆಗೇರಿಸಿದಳು.

ಅಲ್ಲಿಂದ ಮುಕ್ಕಾಲು ಮೈಲಿ, ಹೆಚ್ಚೆಂದರೆ ಒಂದು ಮೈಲಿ ನಡೆದಿರಬೇಕು. ಲಂಟಾನದ ಪೊದೆಯೊಳಗೆ ಒಂದು ಗಿಡ್ಡ ಕಲ್ಲು ಕಂಡಿತು. ನಾನು ಮುಳ್ಳು ಸರಿಸಿ ಕೈಯಿಂದ ಮಣ್ಣು ಒರೆಸಿದೆ. ಕೊರೆದ ಅಂಕಿ ಸ್ಪಷ್ಟವಾಗಿತ್ತು.

“ಮೂರು” ಎಂದೆ.

“ನೋಡಿದ್ರಾ ಅತ್ತಿಗೆ!” ಎಂದು ಕರಿಬಸಪ್ಪ ಹಾರೆಯನ್ನು ನೆಲಕ್ಕೆ ಕುಟ್ಟಿದ.

ಹತ್ತು ಹೆಜ್ಜೆ ಆಚೆ ಕಡಿದ ಮರದ ಒಂದು ಬುಡವಿತ್ತು. ಸುತ್ತ ದುಂಡನೆಯ ಕಲ್ಲುಗಳೂ ಇದ್ದವು, ಒಂದಲ್ಲ, ಹತ್ತಾರು. ಕರಿಬಸಪ್ಪ ಬುಡದ ಸುತ್ತ ಅಗೆದ. ಮೊಣಕಾಲುದ್ದ ಅಗೆದರೂ ಜಲ್ಲಿ ಬಿಟ್ಟರೆ ಏನೂ ಇಲ್ಲ.

“ಕಬ್ಬಿಣ ಯಾವನೋ ಕಿತ್ಕಂಡೋಗವ್ನೆ. ಗುಜರಿಯೋರು ಬಿಡ್ತಾರಾ? ಜಾಗ ಇದೇ. ಮೂರನೇ ಕಲ್ಲು, ಮರ, ಇನ್ನೇನ್ ಬೇಕು? ಇಲ್ಲೇ ಒಂದು ಕಲ್ಲು ನಿಲ್ಸಿ ಪೂಜೆ ಮಾಡೋಣ” ಎಂದ ಬೆವರು ಒರೆಸಿಕೊಂಡು.

ನನಗೆ ಮಗುವಿನ ತಲೆಯ ಹುಣ್ಣು ಕಣ್ಣಿಗೆ ಕಟ್ಟಿತ್ತು. ಹನುಮಕ್ಕ ಹೂಂ ಎನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಂಕಿ ಓದಿದವಳು ನಾನೇ ಅಲ್ಲವೇ, ಕಣ್ಣಾರೆ ಕಂಡಿದ್ದೆ.

ಹನುಮಕ್ಕ ಬುಟ್ಟಿಯನ್ನು ಇಳಿಸದೆ ನಿಂತೇ ಇದ್ದಳು.

“ಇಳ್ಸಮ್ಮ ಬುಟ್ಟೀನ” ಎಂದ ಕರಿಬಸಪ್ಪ.

“ಅದೇ ನೋಡ್ತಾ ಇವ್ನಿ. ಇಳಿಸ್ಬೇಕು ಅಂತ ಅನ್ನಿಸ್ತಾ ಇಲ್ಲ.”

“ಅಂದ್ರೆ?”

“ಗ್ಯಾಂಗ್ ಮನೆಯಿಂದ ದೇವ್ರ ತನಕ ಬರಾವಷ್ಟರಲ್ಲಿ ಎರಡು ಸಲ ಬುಟ್ಟಿ ಇಳಿಸ್ತಿದ್ದೆ. ಒಂದ್ಸಲ ಮೋರಿ ಕಟ್ಟೆ ಮೇಲೆ, ಇನ್ನೊಂದ್ಸಲ ಎಲ್ಲಾದ್ರೂ ನೆರಳಲ್ಲಿ. ಇಲ್ದೆ ಇದ್ರೆ ಕತ್ತು ಬಿದ್ದೋಗೋದು. ಆವಾಗ ಇಪ್ಪತ್ತೈದು ವರ್ಷ ನಂಗೆ. ಈಗ ಐವತ್ತಾರು. ಈಗ ಒಂದ್ಸಲಾನೂ ಇಳಿಸ್ದೆ ಬಂದಿವ್ನಿ. ಕತ್ತು ನೋಯ್ತಾ ಇಲ್ಲ. ಇದಲ್ಲ ಕರಿಬಸಪ್ಪ.”

“ಕಲ್ಲಿನ ಮೇಲೆ ಬರ್ದೈತೆ, ಅಮ್ಮಾವ್ರು ಓದವ್ರೆ. ಕಲ್ಲು ಸುಳ್ಳು ಹೇಳುತ್ತಾ? ಈ ಕಲ್ಲನ್ನ ಹೊತ್ಕಂಡ್ ಬಂದು ನೆಟ್ಟಿದ್ದೇ ನಾನು! ಅರವತ್ತೆರಡನೇ ಇಸ್ವೀಲಿ, ಹಳೇ ಕಲ್ಲೆಲ್ಲ ಕಿತ್ತು...”

ಅವನು ಅಲ್ಲಿಗೇ ನಿಲ್ಲಿಸಿದ. ಹಾರೆ ಕೆಳಗಿಟ್ಟು, ಮೆಲ್ಲಗೆ ಆ ಕಲ್ಲಿನ ಮೇಲೆಯೇ ಕೂತುಕೊಂಡ.

“ಅಯ್ಯೋ ಶಿವನೇ. ಮೈಲಿ ಕಲ್ಲು ಕಿತ್ತು ಕಿಲೋಮೀಟ್ರು ಕಲ್ಲು ಹಾಕ್ಸಿದ್ರು. ನಾನೇ ನೆಟ್ಟೆ. ನಾನೇ ಮರ್ತೆ.”

ಮುನೇಶ್ವರ ಕೂತಿದ್ದು ಮೂರನೇ ಮೈಲಿಗೆ. ನಾವು ನಿಂತಿದ್ದು ಮೂರನೇ ಕಿಲೋಮೀಟರಿಗೆ. ದೇವರು ಇನ್ನೂ ಒಂದು ಮೈಲಿಗಿಂತ ಹೆಚ್ಚು ಮುಂದೆ ಇದ್ದ. ಹನುಮಕ್ಕ ನಗಲಿಲ್ಲ, ಬೈಯಲೂ ಇಲ್ಲ. “ಏಳು, ಬಿಸಿಲೇರುತ್ತೆ” ಎಂದಳು. ಎರಡು ಹೆಜ್ಜೆ ನಡೆದ ಮೇಲೆ ತಿರುಗಿ, “ಅಂಕಿ ಓದಾಕ್ ಬರ್ದೇ ಇದ್ದಿದ್ದು ನಂಗೇ ಒಳ್ಳೇದಾಯ್ತು ನೋಡಿ ತಾಯಿ” ಎಂದಳು. ನಾನು ಒಪ್ಪಿಕೊಂಡೆ.

ಸ್ವಲ್ಪ ದೂರದಲ್ಲೇ ಮೋರಿ ಸಿಕ್ಕಿತು. ಮಣ್ಣು ತುಂಬಿ ಒಂದು ಕಟ್ಟೆ ಮಾತ್ರ ಮೇಲೆ ಕಾಣುತ್ತಿತ್ತು. ಹನುಮಕ್ಕ ಬುಟ್ಟಿಯನ್ನು ಅದರ ಮೇಲಿಟ್ಟು ಕತ್ತು ತಿರುವಿಕೊಂಡಳು. ನಾಲ್ಕನೇ ಕಲ್ಲು ಒಂದು ಕಾಲುವೆಗೆ ಅಡ್ಡಲಾಗಿ ಮಲಗಿತ್ತು, ಜನ ಅದರ ಮೇಲೆ ಕಾಲಿಟ್ಟು ದಾಟುತ್ತಿದ್ದರು. ಐದನೆಯದು ಸಿಗಲೇ ಇಲ್ಲ. ಅಲ್ಲಿ ಏರಿಯೂ ಇಲ್ಲ, ಜಲ್ಲಿಯೂ ಇಲ್ಲ. ಕೊಯ್ದು ಮುಗಿಸಿದ ರಾಗಿ ಹೊಲ, ಬರೀ ಕೂಳೆ. ಕರಿಬಸಪ್ಪನ ಅಂಗಾಲಿಗೆ ಏನೂ ತಿಳಿಯದಾಯಿತು. ಹನುಮಕ್ಕ ಎರಡನೇ ಸಲ ಬುಟ್ಟಿ ಇಳಿಸಿ ಬಹಳ ಹೊತ್ತಾಗಿತ್ತು.

“ಇಲ್ಲೆಲ್ಲೋ ಐತೆ” ಎಂದಳು.

ಹೊಲದ ಮೂಲೆಯಲ್ಲಿ ಹುಲ್ಲಿನ ಬಣವೆ ಸರಿಮಾಡುತ್ತಿದ್ದವನು ನಮ್ಮನ್ನು ನೋಡಿ ಬಂದ. ಹೊಲದ ಯಜಮಾನ, ದೊಡ್ಡಣ್ಣ ಎಂದು ಹೆಸರು.

“ಯಾರಮ್ಮ ನೀವು? ಅಳ್ತೆ ಮಾಡಾಕ್ ಬಂದ್ರಾ? ಲೇಔಟ್ ಗೀಔಟ್ ಅಂದ್ರೆ ನಾನ್ ಕೊಡಾಕಿಲ್ಲ ಅಂತ ಹೇಳಿವ್ನಿ.”

ಕರಿಬಸಪ್ಪ ನಾವು ಬಂದ ಕಾರಣ ಹೇಳಿದ. ಮುನೇಶ್ವರ ಎಂಬ ಮಾತು ಬಂದದ್ದೇ ದೊಡ್ಡಣ್ಣನ ಮುಖ ಬದಲಾಯಿತು.

“ಹುಣಸೆಮರ ಇತ್ತು. ಕಡಿದೆ, ಸುಳ್ಯಾಕೆ ಹೇಳ್ಲಿ. ಬುಡದಲ್ಲಿ ಒಂದು ದುಂಡುಕಲ್ಲಿತ್ತು. ಕುಂಕುಮ ಗಿಂಕುಮ ಏನೂ ಇರ್ಲಿಲ್ಲ ಕಣಮ್ಮ, ಇದ್ದಿದ್ರೆ ಮುಟ್ತಿದ್ನಾ? ನೇಗಿಲಿಗೆ ಅಡ್ಡ ಅಂತ ಉರುಳಿಸ್ಕಂಡೋಗಿ ಬದುವಿಗೆ ಹಾಕ್ದೆ.” ಬದುವಿನ ಕಡೆ ತಿರುಗಿ ನೋಡಿ, “ಅದಕ್ಕೇನಾ ನನ್ನ ಎಮ್ಮೆ ಮೂರು ವರ್ಷದಿಂದ ಗಬ್ಬ ಕಟ್ತಿಲ್ಲ?” ಎಂದ.

“ನಿನ್ನ ಎಮ್ಮೆಗೆ ಏನಾಗೈತೋ ಗೊತ್ತಿಲ್ಲಪ್ಪ” ಎಂದಳು ಹನುಮಕ್ಕ. “ಕಲ್ಲು ಇದ್ದ ಜಾಗ ತೋರ್ಸು ಸಾಕು.”

ದೊಡ್ಡಣ್ಣ ಅತ್ತಿತ್ತ ನೋಡಿದ. ಮರದ ಬೇರು ಕೂಡ ತೆಗೆಸಿ ಸಮ ಮಾಡಿದ್ದ. ಇಲ್ಲಿ ಎಂದ, ಆಮೇಲೆ ಅಲ್ಲಿ ಎಂದ. ಎರಡು ಕಡೆ ಅಗೆದೆವು, ಏನೂ ಇಲ್ಲ. ಆಗ ಹನುಮಕ್ಕ ಕೇಳಿದಳು: “ಉಳುವಾಗ ನೇಗಿಲ ಗುಳಕ್ಕೆ ಏನಾದ್ರೂ ತಗುಲುತ್ತಾ, ಈ ಸುತ್ತಿನಾಗೆ?”

“ತಗುಲುತ್ತೆ! ಪ್ರತಿ ವರ್ಷಾನೂ ಒಂದೇ ಕಡೆ ಠಣ್ ಅನ್ನುತ್ತೆ. ಬಂಡೆ ಅಂದ್ಕಂಡಿದ್ದೆ. ಅಲ್ಲಿ ನೇಗಿಲು ಎತ್ಕಂಡ್ ದಾಟಿಸ್ತೀನಿ.”

ಅವನೇ ಹೋಗಿ, ಬಣವೆಯಿಂದ ಹೆಜ್ಜೆ ಎಣಿಸಿ, ಒಂದು ಕಡೆ ಕಾಲೂರಿ ನಿಂತ. ಕರಿಬಸಪ್ಪನ ಕೈಯಿಂದ ಹಾರೆ ತೆಗೆದುಕೊಂಡು ತಾನೇ ಅಗೆದ. ಒಂದು ಗೇಣು ಇಳಿಯುವಷ್ಟರಲ್ಲಿ ಸದ್ದು ಕೇಳಿತು. ಹನುಮಕ್ಕ ಕೂತು ಎರಡೂ ಕೈಯಿಂದ ಮಣ್ಣು ತೋಡಿದಳು.

ಕೀಗಳು. ಒಂದರ ಪಕ್ಕ ಒಂದು, ಕೆಲವು ತುಕ್ಕು ಹಿಡಿದು ಒಂದಕ್ಕೊಂದು ಅಂಟಿ ಗಡ್ಡೆಯಾಗಿದ್ದವು. ಎಲ್ಲದರ ಸಣ್ಣ ತುದಿಯೂ ಒಂದೇ ಕಡೆಗೆ. ಹೂತ ಕೈ ಒಂದೇ ಎಂದು ನೋಡಿದರೆ ತಿಳಿಯುತ್ತಿತ್ತು.

ಕರಿಬಸಪ್ಪ ಮುಟ್ಟಿ ಮುಟ್ಟಿ, “ಒಂದು, ಎರಡು...” ಎಂದು ಶುರುಮಾಡಿದ.

“ಬಿಡು” ಎಂದಳು ಹನುಮಕ್ಕ. “ನೀನು ಎಣಿಸಿದ್ರೆ ಅದೂ ಕಿಲೋಮೀಟ್ರಾದೀತು.”

ನಾಲ್ವರೂ ನಕ್ಕೆವು. ಆಮೇಲೆ ಹನುಮಕ್ಕ ಅಲ್ಲಿಯೇ ಕೂತು ಸೆರಗು ಕಣ್ಣಿಗೆ ಒತ್ತಿಕೊಂಡಳು. ನಾನು ತಂಬಿಗೆಯ ನೀರು ಕೊಟ್ಟೆ. ಬದುವಿನಲ್ಲಿದ್ದ ಕಲ್ಲುಗಳಲ್ಲಿ ಯಾವುದು ದೇವರು ಎಂದು ಹುಡುಕುವುದು ಕಷ್ಟವಾಗಲಿಲ್ಲ. ಬಲಕ್ಕೆ ಒಂದು ಚಕ್ಕೆ ಹಾರಿದ ಗುರುತಿದೆ, ಒಮ್ಮೆ ಗ್ಯಾಂಗಿನವನ ಸುತ್ತಿಗೆ ಜಾರಿ ಬಿದ್ದದ್ದು ಎಂದು ಆಕೆ ಹೇಳಿದಳು. ಗುರುತು ಹಾಗೆಯೇ ಇತ್ತು. ದೊಡ್ಡಣ್ಣ ಆ ಕಲ್ಲನ್ನು ಒಬ್ಬನೇ ಎದೆಗವಚಿಕೊಂಡು ತಂದ.

ಶಿವರಾತ್ರಿಗೆ ಇನ್ನೂ ಹದಿನೈದು ದಿನವಿರುವಾಗ ಅದೇ ಹೊಲದಲ್ಲಿ ಮುಡಿ ತೆಗೆಸಿದರು. ಕೆಂಗೇರಿಯಿಂದ ಕ್ಷೌರಿಕನನ್ನು ಕರೆಸಿದ್ದರು. ಅಳಿಯನ ತೊಡೆಯ ಮೇಲೆ ಕೆಂಪಿ ಮೊದಲು ಕಿರುಚಿದಳು, ಹುಣ್ಣಿಗೆ ಗಾಳಿ ತಾಗಿದ ಮೇಲೆ ಸುಮ್ಮನಾಗಿ ಬಾಳೆಹಣ್ಣು ತಿಂದಳು. ಬೋಳು ತಲೆಗೆ ಅರಿಶಿನ, ಗಂಧ ಹಚ್ಚಿದಳು ಅಂಜನಮ್ಮ. ಹನುಮಕ್ಕ ಗೂಡಿನಿಂದ ತಂದಿದ್ದ ಕೀಯನ್ನು ಸೆರಗಿನಿಂದ ಬಿಚ್ಚಿ ಅಳಿಯನ ಕೈಗೆ ಕೊಟ್ಟಳು.

“ನೀವೇ ಇಡಿ.”

ಅಳಿಯ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಉಗುರಿನಿಂದ ಕೆರೆದ. “ಎಂಥಾ ಕಬ್ಬಿಣ ಅತ್ತೆ ಇದು! ಇಷ್ಟು ವರ್ಷ ಆದ್ರೂ ಅಂಚು ಹೋಗಿಲ್ಲ. ಮಾವ ಇದನ್ನ ದಿನಾ ಹೊಡೀತಿದ್ರಾ?”

“ದಿನಾ. ಮಳೆ ಬಂದ್ರೂ.”

ಅವನು ಗುಂಡಿಯಲ್ಲಿ ಬೇರೆ ಕೀಗಳ ಪಕ್ಕ, ಅವುಗಳ ಹಾಗೆಯೇ ಸಣ್ಣ ತುದಿ ಒಂದೇ ಕಡೆ ಬರುವಂತೆ ಇಟ್ಟ. ಯಾರೂ ಹೇಳಿರಲಿಲ್ಲ, ಫಿಟ್ಟರ್ ಕೈ. “ಏನಾದ್ರೂ ಅನ್ಬೇಕಾ?” ಎಂದು ಕೇಳಿದ. ಹನುಮಕ್ಕ ಹೇಳಿಕೊಟ್ಟಳು. ಅವನು ಕೀ ಮೇಲೆ ಕೈಯಿಟ್ಟು, “ಸಡಿಲಾಗಿದ್ದು ನಿನ್ನ ಹತ್ರ ಇರ್ಲಿ, ಬಿಗಿಯಾಗಿರೋದು ನಮ್ಮ ಹತ್ರ ಇರ್ಲಿ” ಎಂದ. ಮಣ್ಣು ಮುಚ್ಚಿ ಮೇಲೆ ಕಲ್ಲು ಕೂರಿಸಿದರು. ದೊಡ್ಡಣ್ಣ ಕಾಯಿ ಒಡೆದು ತನ್ನ ಎಮ್ಮೆಯ ವಿಷಯ ದೇವರ ಕಿವಿಗೆ ಹಾಕಿದ.

ಎರಡು ದಿನ ಬಿಟ್ಟು ಹನುಮಕ್ಕ ಎಂದಿನಂತೆ ಸೊಪ್ಪು ತಂದಳು. ಕಾಫಿ ಕೊಟ್ಟೆ. ಮಗುವಿನ ಹುಣ್ಣು ಒಣಗುತ್ತಿದೆ, ರಾತ್ರಿ ನಿದ್ದೆ ಮಾಡುತ್ತಾಳೆ ಎಂದಳು.

“ಗೂಡಿನಲ್ಲಿ ಆ ಕೀ ಇಲ್ಲದೆ ಬೇಜಾರಾಗುವುದಿಲ್ಲವೇ?” ಎಂದು ಕೇಳಿದೆ.

“ಜಾಗ ಆಯ್ತು. ದೀಪ ನೆಟ್ಟಗೆ ಕೂತ್ಕಳ್ಳುತ್ತೆ ಈಗ” ಎಂದು ಲೋಟ ಕೆಳಗಿಟ್ಟು ಬುಟ್ಟಿಯ ಬಟ್ಟೆ ಸರಿಸಿದಳು. “ದಂಟು ಎಳೇದೈತೆ ಇವತ್ತು. ಎರಡು ಕಟ್ಟು ತಗಳಿ.”